ಬೀಳಲಿ ಅಂತ ಕಾಯುವ ಇಟಿಎಫ್, ತಿಂಗಳ ಎಸ್‌ಐಪಿ, ಒಮ್ಮೆಗೇ ಹಾಕಿದ ತೊಗರಿ ರೊಕ್ಕ: ಮೂರನ್ನೂ ಹೂಡಿ ನೋಡಿದೆ

ಕಲಬುರಗಿಯವರಿಗೆ ರೇಟಿಗಾಗಿ ಕಾಯುವುದು ಹೊಸದಲ್ಲ. ತೊಗರಿ ರಾಶಿ ಆಯ್ತು ಅಂದರೆ ಈಗಲೇ ಎಪಿಎಂಸಿಗೆ ಒಯ್ಯೋಣವಾ, ಇನ್ನೊಂದು ತಿಂಗಳು ಇಡೋಣವಾ ಅನ್ನುವ ಮಾತು ಎಲ್ಲರ ಮನೆಯಲ್ಲೂ ಇರುತ್ತದೆ. ಅದೇ ರೂಢಿ ಷೇರು ಪೇಟೆಗೂ ಬರುತ್ತದೆ. ನಮ್ಮ ಕಾಕಾ ಅಂತೂ "ನಿಫ್ಟಿ ಭಾಳ ಮ್ಯಾಲ ಹೋಗ್ಯಾದ, ಇಳೀಲಿ ತಡಿಯಪ್ಪ" ಅಂತ ಹೇಳುತ್ತಲೇ ಇದ್ದರು. ನಿಫ್ಟಿ ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರಿಸುವ ಸೂಚ್ಯಂಕ.

ಹಾಗಾಗಿ 2023ರ ನವೆಂಬರ್‌ನಿಂದ ಮೂರೂ ದಾರಿ ಹಿಡಿದು ನೋಡಿದೆ. ಸಂಬಳದಲ್ಲಿ ಉಳಿದದ್ದರ ಅರ್ಧ ನಿಫ್ಟಿ 50 ಇಂಡೆಕ್ಸ್ ಫಂಡಿನ (ಅದೇ 50 ಷೇರುಗಳನ್ನು ಅದೇ ಪ್ರಮಾಣದಲ್ಲಿ ಕೊಳ್ಳುವ ಮ್ಯೂಚುವಲ್ ಫಂಡ್) ತಿಂಗಳ ಕಂತಿಗೆ, ಅಂದರೆ ಎಸ್‌ಐಪಿಗೆ. ಇನ್ನರ್ಧ ಬ್ಯಾಂಕಿನಲ್ಲೇ ಇಟ್ಟು, ನಿಫ್ಟಿ ತನ್ನ ಗರಿಷ್ಠ ಮಟ್ಟದಿಂದ 10% ಬಿದ್ದರೆ ಮಾತ್ರ ಇಟಿಎಫ್ (ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರುವ ಫಂಡ್) ಕೊಳ್ಳುವುದು. ಜನವರಿಯಲ್ಲಿ ಬಂದ ತೊಗರಿ ರೊಕ್ಕ ಒಮ್ಮೆಗೇ ಫಂಡಿಗೆ. ಮೂರಕ್ಕೂ ಸೂಚ್ಯಂಕ ಒಂದೇ, ಆದ್ದರಿಂದ ಬೇರೆ ಇದ್ದದ್ದು ಕೊಳ್ಳುವ ಹೊತ್ತು ಮಾತ್ರ.

ಮೊದಲು ಕಾಯುವ ದಾರಿ. ಶುರು ಮಾಡಿದಾಗ ನಿಫ್ಟಿ ಸುಮಾರು 19,000ದಲ್ಲಿತ್ತು. ಆಮೇಲೆ ಏರುತ್ತಲೇ ಹೋಯಿತು. 2024ರ ಜೂನ್ 4ರಂದು, ಚುನಾವಣೆ ಫಲಿತಾಂಶದ ದಿನ, ನಡುಹಗಲು 8%ಗಿಂತ ಜಾಸ್ತಿ ಬಿದ್ದು ಕೊನೆಗೆ ಸುಮಾರು 6% ಇಳಿಕೆಯಲ್ಲಿ ನಿಂತಿತು. ನನ್ನ 10% ಬರಲೇ ಇಲ್ಲ. ಮೂರೇ ದಿನದಲ್ಲಿ ಬಿದ್ದಷ್ಟೂ ವಾಪಸ್ ಏರಿತ್ತು. ಆ ದಿನ ನನ್ನ ಬ್ರೋಕರ್ ಆ್ಯಪ್ ಕೂಡ ಸುಮಾರು ಹೊತ್ತು ತೆರೆಯಲಿಲ್ಲ. ಅಂದರೆ ಕೊಳ್ಳಬೇಕು ಅಂದುಕೊಂಡ ಘಳಿಗೆಯಲ್ಲೇ ಎಲ್ಲರೂ ಅಲ್ಲಿರುತ್ತಾರೆ ಅನ್ನುವುದೂ ನೆನಪಿರಲಿ. ಸೆಪ್ಟೆಂಬರ್ ಕೊನೆಗೆ ನಿಫ್ಟಿ 26,000 ದಾಟಿತು, ಆಮೇಲೆ ಇಳಿಯತೊಡಗಿ ನವೆಂಬರ್ ನಡುವಿನಲ್ಲಿ ಕೊನೆಗೂ 10% ಬಿದ್ದಾಗ ಎಲ್ಲಿತ್ತು ಗೊತ್ತಾ? ಸುಮಾರು 23,500ರಲ್ಲಿ. 19,000ಕ್ಕೆ ಸಿಗುತ್ತಿದ್ದದ್ದನ್ನು ಒಂದು ವರ್ಷ ಕಾದು, "ಅಗ್ಗ" ಅಂತ 23,500ಕ್ಕೆ ಕೊಂಡ ಹಾಗಾಯಿತು. ಕೊಂಡಮೇಲೂ ಇಳಿತ ನಿಲ್ಲಲಿಲ್ಲ, 2025ರ ಮಾರ್ಚ್ ಮೊದಲ ವಾರ 22,000ದ ಹತ್ತಿರ ಬಂತು.

ತೊಗರಿಗೆ ಕಾದರೆ ರೇಟ್ ಏರಬಹುದು, ಹುಳವೂ ಹಿಡಿಯಬಹುದು, ಕಣ್ಣಿಗೆ ಕಾಣುತ್ತದೆ. ಬ್ಯಾಂಕಿನಲ್ಲಿ ಸುಮ್ನೆ ಕಾಯುವ ರೊಕ್ಕಕ್ಕೆ ಹಿಡಿಯುವ ಹುಳ ಕಾಣುವುದಿಲ್ಲ. ಅದಕ್ಕೇ ಈ ದಾರಿ ಜಾಣತನ ಅನ್ನಿಸಿಬಿಡುತ್ತದೆ.

ಇದು ಇಟಿಎಫ್‌ನ ತಪ್ಪಲ್ಲ. ಅದರ ಖರ್ಚಿನ ಅನುಪಾತ (ಫಂಡ್ ನಡೆಸಲು ವರ್ಷಕ್ಕೆ ಕಡಿತವಾಗುವ ಶೇಕಡಾ ಪಾಲು) ಎಷ್ಟೋ ಸಲ ಇಂಡೆಕ್ಸ್ ಫಂಡಿಗಿಂತ ಕಡಿಮೆಯೇ ಇರುತ್ತದೆ. ಆದರೆ ಷೇರು ಇಡುವ ಡಿಮ್ಯಾಟ್ ಖಾತೆ ಬೇಕು, ಮಾರುವಾಗ ಆ ಖಾತೆಯಿಂದ ಯೂನಿಟ್ ಹೊರಹೋಗಲು ಡಿಪಿ ಶುಲ್ಕ, ಕೊಳ್ಳುವ ಮತ್ತು ಮಾರುವ ಬೆಲೆಯ ನಡುವಿನ ಅಂತರ, ಇವೆಲ್ಲ ಸೇರುತ್ತವೆ. ವಹಿವಾಟು ಕಡಿಮೆ ಇರುವ ಇಟಿಎಫ್‌ನಲ್ಲಿ ಆ ಅಂತರ ಜಾಸ್ತಿ. ಎಲ್ಲಕ್ಕಿಂತ ದೊಡ್ಡದು, 9:15ರಿಂದ 3:30ರವರೆಗೆ ಬೆಲೆ ಕಣ್ಣೆದುರೇ ಕುಣಿಯುತ್ತದೆ, ನೋಡುತ್ತಾ ಕೂತರೆ ಕಾಯೋಣ ಅನ್ನಿಸದೆ ಇರುವುದಿಲ್ಲ.

ಎಸ್‌ಐಪಿ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, ಅದೇ ಅದರ ಗುಣ. ತಿಂಗಳಿಗೊಮ್ಮೆ ರೊಕ್ಕ ತಾನೇ ಕಡಿತವಾಯಿತು. 19,000ಕ್ಕೂ ಕೊಂಡಿತು, 26,000ಕ್ಕೂ ಕೊಂಡಿತು, ಬಿದ್ದಾಗ ಜಾಸ್ತಿ ಯೂನಿಟ್ ಬಂತು. 1ನೇ ತಾರೀಖಾ 10ನೇ ತಾರೀಖಾ ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಂಬಳ ಬಂದ ಮರುದಿನ ಇಟ್ಟರೆ ಸಾಕು. ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಮಾತ್ರ ತಗೊಳ್ಳಿ.

ತೊಗರಿ ರೊಕ್ಕ ಒಮ್ಮೆಗೇ ಹಾಕಿದ್ದು ನಿಫ್ಟಿ 21,500ರ ಆಸುಪಾಸಿನಲ್ಲಿದ್ದಾಗ. ಸೆಪ್ಟೆಂಬರ್‌ನಲ್ಲಿ ಚೆನ್ನಾಗಿ ಕಂಡಿತು. ಮುಂದಿನ ಮಾರ್ಚ್‌ಗೆ ನೋಡಿದರೆ ಲಾಭ ಹೆಚ್ಚೂಕಡಿಮೆ ಕರಗಿಹೋಗಿತ್ತು. ಒಂದು ವರ್ಷ ದಾಟಿದರೂ ಏನೂ ಬಂದಿಲ್ಲ ಅಂತ ಮನೆಯಲ್ಲಿ ಕೇಳುತ್ತಾರಲ್ಲ, ಆಗ ತಡೆದುಕೊಳ್ಳುವುದು ಕಷ್ಟ. ಆದರೂ ಕಾದು ಕೊಂಡ ಇಟಿಎಫ್ ಆಗ ನಷ್ಟದಲ್ಲಿತ್ತು, ಇದು ಇರಲಿಲ್ಲ. ಒಮ್ಮೆಗೇ ಹಾಕಲು ಎದೆ ಡವಡವ ಅಂದರೆ ನಾಲ್ಕಾರು ಕಂತು ಮಾಡಿ, ಆದರೆ ತಾರೀಖು ಮೊದಲೇ ಗಟ್ಟಿ ಮಾಡಿಕೊಳ್ಳಿ. ಬೆಲೆ ನೋಡಿ ಕಂತು ಹಾಕಿದರೆ ಮತ್ತೆ ಕಾಯುವ ದಾರಿಗೇ ಬಂದ ಹಾಗೆ, ಅಲ್ವಾ?

ಈಗ ನನ್ನ ಕ್ರಮ ಹೀಗಿದೆ. ಮುಂಗಾರಿನ ಬೀಜ, ಗೊಬ್ಬರ, ಮಕ್ಕಳ ಫೀಸು, ಐದು ವರ್ಷದೊಳಗೆ ಬೇಕಾಗುವ ಯಾವ ರೊಕ್ಕವೂ ಪೇಟೆಗೆ ಹೋಗುವುದಿಲ್ಲ. ಉಳಿದದ್ದು ಬಂದ ವಾರದಲ್ಲೇ ಇಂಡೆಕ್ಸ್ ಫಂಡಿಗೆ. ಕೊಂಡ ಇಟಿಎಫ್ ಮಾರಲಿಲ್ಲ, ಯಾಕೆಂದರೆ ವರ್ಷದೊಳಗೆ ಮಾರಿದರೆ ಲಾಭಕ್ಕೆ 20% ತೆರಿಗೆ, ಆಮೇಲಾದರೆ ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ 12.5%. ಹೊಲದ ಆದಾಯಕ್ಕೆ ತೆರಿಗೆ ಇಲ್ಲ ನಿಜ, ಅದನ್ನು ಹೂಡಿ ಬಂದ ಲಾಭಕ್ಕೆ ಇದೆ. ಇಟಿಎಫೇ ಬೇಕು ಅನ್ನುವವರು ಇಷ್ಟಕ್ಕಿಂತ ಜಾಸ್ತಿ ಬೆಲೆಗೆ ಬೇಡ ಅನ್ನುವ ಲಿಮಿಟ್ ಆರ್ಡರ್ ಹಾಕಿ, ಐ-ಎನ್‌ಎವಿ ಅಂದರೆ ಅದರಲ್ಲಿರುವ ಷೇರುಗಳ ಆ ಹೊತ್ತಿನ ಮೌಲ್ಯದ ಜೊತೆ ಬೆಲೆ ಹೋಲಿಸಿ, ಪೇಟೆ ತೆರೆದ ಮೊದಲ ಕೆಲವು ನಿಮಿಷ ಬಿಟ್ಟು ಕೊಳ್ಳಿ.