ಪತಂಗ ಗುರುತಿಸುವ ಆಪ್: ಮೂರು ಮಳೆಗಾಲ ಬಳಸಿದ ಮೇಲೆ

ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ.

ನಮ್ಮ ಮನೆ ಶಿರಸಿ ಹತ್ತಿರ. ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಗೆ ಹಳೇ ಬಿಳಿ ಬೆಡ್‌ಶೀಟ್ ಕಟ್ಟಿ ಪಕ್ಕದಲ್ಲಿ ಬಲ್ಬ್ ಹಚ್ಚಿಡುತ್ತೇನೆ. ಮಳೆ ಬಿಡುವು ಕೊಟ್ಟ ರಾತ್ರಿ ಶೀಟಿನ ತುಂಬ ಪತಂಗ. "ಲೈಟ್ ಆರ್ಸೋ ಮಾರಾಯ, ಒಳಗೆಲ್ಲ ಹುಳ" ಅಂತ ಅಮ್ಮ ಕೂಗುತ್ತಲೇ ಇರುತ್ತಾಳೆ.

ಫೋಟೋ ಹಾಕಿದರೆ ಆಪ್ ಐದಾರು ಹೆಸರು ಕೊಡುತ್ತದೆ. ಕಣಗಿಲೆ ಗಿಡದ ಹಸಿರು ಪತಂಗ ಡಾಫ್ನಿಸ್ ನೇರಿಯೈಯನ್ನು ಮೊದಲ ಸಲವೇ ಸರಿಯಾಗಿ ಹೇಳಿತು. ಆದರೆ ಅದರದೇ ದಾಯಾದಿ ಹೈಪೋಥೌಸ್ ಬಂದಾಗಲೂ ನೇರಿಯೈ ಅಂದುಬಿಟ್ಟಿತು. ಅದು ಸ್ವಲ್ಪ ಕಡುಬಣ್ಣದ್ದು, ಮುಂದಿನ ರೆಕ್ಕೆಯ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ ಇರುತ್ತದೆ. ನನ್ನ ಫೋಟೋದಲ್ಲಿ ಫ್ಲ್ಯಾಶ್ ಬೆಳಕು ಆ ಚುಕ್ಕೆಯನ್ನೇ ನುಂಗಿತ್ತು.

ಜಾಸ್ತಿ ಕಾಡಿದ್ದು ಹಣ್ಣಿನ ರಸ ಹೀರುವ ಯೂಡೋಸಿಮಾ ಗುಂಪಿನ ಪತಂಗಗಳು. ಬೇಲಿ ಮೇಲೆ ಅಮೃತಬಳ್ಳಿ ಇದೆ, ಇವುಗಳ ಮರಿಹುಳಕ್ಕೆ ಅದೇ ಊಟ. ರೆಕ್ಕೆ ಮಡಚಿ ಕೂತರೆ ಥೇಟ್ ಒಣಗಿದ ಎಲೆ. ಆಪ್ ಪ್ರತಿ ಸಲ ಅದರಲ್ಲಿ ಫಲೋನಿಯಾ ಎಂಬ ಜಾತಿ ಅನ್ನುತ್ತಿತ್ತು, ನಾನೂ ಸುಮ್ನೆ ಒಪ್ಪುತ್ತಿದ್ದೆ. ಒಂದು ರಾತ್ರಿ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಮುಂದಿನ ರೆಕ್ಕೆ ಸರಿದು ಕೆಳಗಿನ ಕಿತ್ತಳೆ ಬಣ್ಣ ಕಂಡಿತು. ನಡುವೆ ದೃಷ್ಟಿಬೊಟ್ಟು ಇಟ್ಟ ಹಾಗೆ ದುಂಡಗಿನ ಕಪ್ಪು ಚುಕ್ಕೆ! ಫಲೋನಿಯಾಗೆ ಅಲ್ಲಿ ಗೋಡಂಬಿಯ ಹಾಗೆ ಬಾಗಿದ ಮಚ್ಚೆ ಇರುತ್ತದೆ. ಇದು ಅದೇ ಗುಂಪಿನ ಮೆಟರ್ನಾ. ಆ ಫೋಟೋ ಹಾಕಿದ ತಕ್ಷಣ ಆಪ್ ಕೂಡ ಮೆಟರ್ನಾ ಅಂದಿತು. ತಪ್ಪು ಅರ್ಧ ನನ್ನದೇ, ಅಲ್ವಾ?

ಸ್ಟಾರ್ ಕಡಿಮೆ ಮಾಡಿದ್ದು ಬೇರೆ ಕಾರಣಕ್ಕೆ. ಅಂಗೈಗಿಂತ ದೊಡ್ಡ ಅಟಾಕಸ್ ಗುಂಪಿನ ಪತಂಗ ಬಂದಿತ್ತು. ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಇರುವುದು ಅದರಲ್ಲಿ ತಪ್ರೋಬಾನಿಸ್ ಎಂಬ ಜಾತಿ. ಆಪ್ ಮಾತ್ರ ಜಾಗದ ಹೆಸರು ಗೊತ್ತಿದ್ದೂ ಅಟ್ಲಾಸ್ ಅಂತ ಹಟ ಹಿಡಿಯಿತು. ಆಪ್ ಬಳಸುವ ಇನ್ಯಾರೋ ಇಬ್ಬರು ಸರಿಯಾಗಿ ನೋಡದೆಯೇ 'ಹೌದು' ಒತ್ತಿದರು, ಅದು ಖಚಿತ ಅಂತಲೂ ಆಗಿಹೋಯಿತು. ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ಈಗ 'ಮಾತ್ಸ್ ಆಫ್ ಇಂಡಿಯಾ' ಜಾಲತಾಣದ ಚಿತ್ರಗಳ ಜೊತೆ ಹೋಲಿಸದೆ ನಾನು ಯಾವ ಹೆಸರನ್ನೂ ಒಪ್ಪುವುದಿಲ್ಲ.

ಒಂದೇ ಪತಂಗಕ್ಕೆ ಮೇಲಿಂದ, ಪಕ್ಕದಿಂದ, ಸಾಧ್ಯವಾದರೆ ಹೊಟ್ಟೆ ಕಡೆಯಿಂದಲೂ ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ. ಫ್ಲ್ಯಾಶ್ ಬೇಡ, ಟಾರ್ಚ್ ಓರೆಯಾಗಿ ಹಿಡಿಯಿರಿ. ಸಣ್ಣ ಕಂದು ಪತಂಗಗಳ ವಿಷಯದಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಅವುಗಳಲ್ಲಿ ಎಷ್ಟನ್ನೋ ಮೈಕ್ರೋಸ್ಕೋಪಿನ ಕೆಳಗೆ ಬಿಡಿಸಿ ನೋಡದೆ ತಜ್ಞರೂ ಹೇಳುವುದಿಲ್ಲ. ನನ್ನ ಮೊಬೈಲಿನಲ್ಲಿ 'ಕಂದು, ಗೊತ್ತಿಲ್ಲ' ಅಂತ ಒಂದು ಫೋಲ್ಡರೇ ಇದೆ. ಸದ್ಯಕ್ಕೆ 412 ಫೋಟೋ.