ಇಲಿಯ ಎಂಡೋಥೀಲಿಯಲ್ ಕೋಶಗಳಿಗೆ ಅವಾಸ್12 ಪ್ರತಿಕಾಯ: ಕಲಬುರಗಿಯ ಪ್ರಯೋಗಾಲಯದಿಂದ ಒಂದು ವಿಮರ್ಶೆ

ಇಲಿಯ (ಮೌಸ್) ರಕ್ತನಾಳಗಳ ಒಳಪದರವಾದ ಎಂಡೋಥೀಲಿಯಲ್ ಕೋಶಗಳ ಮೇಲಿರುವ ವಿಇಜಿಎಫ್ ರಿಸೆಪ್ಟರ್-2 ಅನ್ನು (ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನು ಅಂಟಿಕೊಳ್ಳುವ ಗ್ರಾಹಕ) ಫ್ಲೋ ಸೈಟೋಮೆಟ್ರಿಯಲ್ಲಿ, ಅಂದರೆ ಬಣ್ಣ ಹಾಕಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವ ವಿಧಾನದಲ್ಲಿ, ಗುರುತಿಸಲು ನಾವು ಬಳಸುತ್ತಿರುವುದು ಅವಾಸ್12 ಎಂಬ ಕ್ಲೋನಿನ (ಒಂದೇ ಕೋಶದ ಸಂತತಿಯ), ಪಿಇ (ಫೈಕೋಎರಿಥ್ರಿನ್) ಎಂಬ ಹೊಳೆಯುವ ಬಣ್ಣ ಜೋಡಿಸಿದ ಪ್ರತಿಕಾಯವನ್ನು. ಇದು ರ್ಯಾಟ್ (ದೊಡ್ಡ ಇಲಿ) ಮೂಲದ, ಐಜಿಜಿ2ಎ ಕಪ್ಪಾ ಎಂಬ ಪ್ರತಿಕಾಯ ವರ್ಗದ ಮೊನೊಕ್ಲೋನಲ್ (ಒಂದೇ ಕ್ಲೋನಿನಿಂದ ಬಂದ ಏಕರೂಪದ) ಪ್ರತಿಕಾಯ. ಒಂದಕ್ಕಿಂತ ಹೆಚ್ಚು ಕಂಪನಿಗಳು ಇದನ್ನು ಮಾರುವುದರಿಂದ ಇಲ್ಲಿ ತೂಗಿ ನೋಡುತ್ತಿರುವುದು ಕ್ಲೋನಿನ ಗುಣವನ್ನು, ಸೀಸೆಯ ಮೇಲಿನ ಹೆಸರನ್ನಲ್ಲ. ಈ ಪ್ರತಿಕಾಯ ನಂಬಿಕೆಗೆ ಅರ್ಹವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಅಂಗಾಂಶದಿಂದ ಕೋಶಗಳನ್ನು ಬಿಡಿಸಿಕೊಳ್ಳುವ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಪ್ರತಿಕಾಯವೂ ಖಾಲಿ ಗ್ರಾಫನ್ನೇ ಕೊಡುತ್ತದೆ, ಮತ್ತು ಆ ದೋಷ ಸುಮ್ಮನೆ ಸೀಸೆಯ ತಲೆಗೆ ಬರುತ್ತದೆ.

ಫ್ಲ್ಕ್-1 ಎಂದೂ ಕರೆಯಲಾಗುವ ಈ ರಿಸೆಪ್ಟರ್ ಎಷ್ಟು ಮೂಲಭೂತವೆಂದರೆ, ಇದರ ಜೀನ್ ಇಲ್ಲದ ಇಲಿಯ ಭ್ರೂಣಗಳು ರಕ್ತನಾಳಗಳೇ ರೂಪುಗೊಳ್ಳದೆ 8.5ರಿಂದ 9.5ನೇ ದಿನದ ನಡುವೆ ಸಾಯುತ್ತವೆಂದು 1995ರಲ್ಲೇ ತೋರಿಸಲಾಗಿದೆ. ಭ್ರೂಣದಲ್ಲಿ ಹೇರಳವಾಗಿರುವ ಇದು ಬೆಳೆದ ಇಲಿಯಲ್ಲಿ ತಗ್ಗುತ್ತದೆ, ಅಂಗದಿಂದ ಅಂಗಕ್ಕೆ ಬೇರೆಯಾಗುತ್ತದೆ. ಹಾಗಾಗಿ ಬೆಳೆದ ಇಲಿಯ ಕೋಶಗಳಲ್ಲಿ ಸಿಗುವ ಸಿಗ್ನಲ್, ಎಂಡೋಥೀಲಿಯಲ್ ಕೋಶಗಳ ಇನ್ನೊಂದು ಗುರುತಾದ ಸಿಡಿ31ರಂತೆ ಎದ್ದು ಕಾಣುವುದಿಲ್ಲ. ಇಂಥ ಕಡೆ ಪಿಇಗಿಂತ ಮಂದವಾಗಿ ಬೆಳಗುವ ಬಣ್ಣವಾದ ಎಫ್‌ಐಟಿಸಿ ಜೋಡಿಸಿದ ಸೀಸೆಯನ್ನು ಕೊಳ್ಳುವುದು ಉಳಿತಾಯವಲ್ಲ; 488 ನ್ಯಾನೋಮೀಟರ್‌ನ ಒಂದೇ ಲೇಸರ್ ಇರುವ ಯಂತ್ರದಲ್ಲೂ ಪಿಇ ಚೆನ್ನಾಗಿ ಬೆಳಗುವುದರಿಂದ ಅದನ್ನೇ ಆರಿಸಿಕೊಳ್ಳಬೇಕು.

ಕೋಶ ಬಿಡಿಸುವ ಹಂತದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ರಿಸೆಪ್ಟರಿನ ಹೊರಭಾಗದಲ್ಲಿ ಇಮ್ಯುನೊಗ್ಲೋಬ್ಯುಲಿನ್ ಮಾದರಿಯ ಏಳು ಘಟಕಗಳಿವೆ, ಪ್ರತಿಕಾಯ ಹಿಡಿಯುವುದು ಈ ಹೊರಭಾಗವನ್ನೇ. ಪ್ರೋಟೀನನ್ನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ ಹಾಕಿ ಕೋಶಗಳನ್ನು ಎಬ್ಬಿಸಿದರೆ ಹೊರಗೆ ಚಾಚಿಕೊಂಡ ಪ್ರೋಟೀನುಗಳು ತುಂಡಾಗುವ ಅಪಾಯವಿದೆ. ಶ್ವಾಸಕೋಶದಂಥ ಅಂಗಾಂಶಕ್ಕೆ ಕೊಲಾಜಿನೇಸ್ ಕಿಣ್ವ, ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಇಡಿಟಿಎ ದ್ರಾವಣ ಬಳಸಿದಾಗ ನಮಗೆ ಗ್ರಾಫಿನಲ್ಲಿ ಸ್ಪಷ್ಟವಾದ ಶಿಖರ ದೊರೆತಿದೆ. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದೇ ಕಡಿಮೆ: ಎಂಡೋಥೀಲಿಯಲ್ ಕೋಶಗಳಿಗೆಂದೇ ಸಿಗುವ ಮೀಡಿಯಂಗಳಲ್ಲಿ (ಕೋಶ ಬೆಳೆಸುವ ದ್ರವಗಳಲ್ಲಿ) ಸಾಮಾನ್ಯವಾಗಿ ವಿಇಜಿಎಫ್ ಬೆರೆಸಿರುತ್ತಾರೆ, ಅದು ಅಂಟಿಕೊಂಡ ಕೂಡಲೇ ರಿಸೆಪ್ಟರ್ ಕೋಶದ ಒಳಕ್ಕೆ ಸರಿಯತೊಡಗುತ್ತದೆ. ಮೇಲ್ಮೈಯಲ್ಲಿ ಇಲ್ಲದ್ದನ್ನು ಯಾವ ಪ್ರತಿಕಾಯವೂ ಹಿಡಿಯಲಾರದು. ಆದ್ದರಿಂದ ಕೆಲವು ಗಂಟೆ ವಿಇಜಿಎಫ್ ಇಲ್ಲದ ಮೀಡಿಯಂನಲ್ಲಿಟ್ಟು, ನಂತರದ ಕೆಲಸವನ್ನೆಲ್ಲ ಮಂಜುಗಡ್ಡೆಯ ಮೇಲೆಯೇ ಮುಗಿಸುವುದು ಒಳ್ಳೆಯದು.

ಬಣ್ಣ ಹಾಕುವ ಮೊದಲು, ಯಾವುದೇ ಪ್ರತಿಕಾಯದ ಬಾಲವನ್ನು ಹಿಡಿದುಕೊಂಡು ಸುಳ್ಳು ಸಿಗ್ನಲ್ ಕೊಡಬಲ್ಲ ಸಿಡಿ16 ಮತ್ತು ಸಿಡಿ32 ಗ್ರಾಹಕಗಳನ್ನು ಮುಚ್ಚುವ 2.4ಜಿ2 ಪ್ರತಿಕಾಯ ಸೇರಿಸಬೇಕು. ಸತ್ತ ಕೋಶಗಳನ್ನೂ ಸಿಡಿ45 ಇರುವ ರಕ್ತಕೋಶಗಳನ್ನೂ ಹೊರಗಿಟ್ಟು, ಸಿಡಿ31 ಇರುವ ಗುಂಪಿನೊಳಗೆ ಮಾತ್ರ ಈ ರಿಸೆಪ್ಟರನ್ನು ನೋಡಬೇಕು. ಸಿಡಿ31 ಪ್ಲೇಟ್‌ಲೆಟ್‌ಗಳ ಮೇಲೂ ಇರುವುದರಿಂದ ಅದೊಂದನ್ನೇ ನೆಚ್ಚಿ ಎಂಡೋಥೀಲಿಯಲ್ ಎಂದು ಬರೆದುಬಿಡುವುದು ಸರಿಯಲ್ಲ. ಸಿಗ್ನಲ್ ಮಂದವಾಗಿರುವ ಕಾರಣ ಐಸೋಟೈಪ್ ಕಂಟ್ರೋಲ್ (ಅದೇ ವರ್ಗದ, ಆದರೆ ಈ ರಿಸೆಪ್ಟರನ್ನು ಹಿಡಿಯದ ಪ್ರತಿಕಾಯ) ಜೊತೆಗೆ ಪಿಇ ಒಂದನ್ನು ಬಿಟ್ಟು ಉಳಿದೆಲ್ಲ ಬಣ್ಣ ಹಾಕಿದ ಟ್ಯೂಬು ಬೇಕೇ ಬೇಕು. ಹತ್ತು ಲಕ್ಷ ಕೋಶಗಳಿಗೆ 1 ಮೈಕ್ರೋಗ್ರಾಂನಿಂದ ಆರಂಭಿಸಿ ಅರ್ಧರ್ಧ ಇಳಿಸುತ್ತ ಪ್ರಮಾಣ ನಿಗದಿ ಮಾಡಿಕೊಂಡರೆ ಹಿನ್ನೆಲೆಯ ಹೊಳಪೂ ತಗ್ಗುತ್ತದೆ, ಸೀಸೆಯೂ ಹೆಚ್ಚು ಕಾಲ ಬಾಳಿಕೆ ಬರುತ್ತದೆ.

ಎಲ್ಲ ಕೆಲಸಕ್ಕೂ ಇದೇ ಸಾಕೆಂದು ನಾನು ಹೇಳಲಾರೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟ್‌ಗೆ 55ಬಿ11 ಎಂಬ ಮೊಲದ ಮೊನೊಕ್ಲೋನಲ್ ಹೆಚ್ಚು ಸೂಕ್ತ. ಪೂರ್ಣ ರೂಪದ ರಿಸೆಪ್ಟರ್ ಅಲ್ಲಿ ಸುಮಾರು 230 ಕಿಲೋಡಾಲ್ಟನ್ ಮಟ್ಟದಲ್ಲಿ ಕಾಣುತ್ತದೆ. ಜೀವಂತ ಇಲಿಯಲ್ಲಿ ರಿಸೆಪ್ಟರನ್ನು ತಡೆದು ಗಡ್ಡೆಯ ರಕ್ತನಾಳಗಳನ್ನು ಅಧ್ಯಯನ ಮಾಡುವವರಿಗೆ ಬೇಕಾದದ್ದು ಡಿಸಿ101 ಎಂಬ ಪ್ರತಿಕಾಯ. ಅದು ಐಜಿಜಿ1 ವರ್ಗದ್ದಾದ್ದರಿಂದ ಅವಾಸ್12ಕ್ಕೆ ತಂದ ಐಸೋಟೈಪ್ ಕಂಟ್ರೋಲ್ ಅದಕ್ಕೆ ಹೊಂದುವುದಿಲ್ಲ.

ನಮ್ಮ ಭಾಗಕ್ಕೆ ಮುಖ್ಯವಾದ ಮಾತು ಸಾಗಣೆಯದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಸೀಸೆಗೆ ಬೇಕಾದದ್ದು 2ರಿಂದ 8 ಡಿಗ್ರಿ. ಒಮ್ಮೆ ವಾರದ ಕೊನೆಗೆ ಬಂದ ಪಾರ್ಸೆಲ್ ಸೋಮವಾರದವರೆಗೆ ಕೊರಿಯರ್ ಗೋದಾಮಿನಲ್ಲೇ ಉಳಿದು, ಜೆಲ್ ಪ್ಯಾಕ್ ಪೂರ್ತಿ ಕರಗಿ ನಮ್ಮ ಕೈಸೇರಿತು. ಆ ಸೀಸೆಯ ಹೊಳಪು ಹಳೆಯದಕ್ಕಿಂತ ಕಡಿಮೆಯಿದ್ದುದನ್ನು ಅದೇ ಕೋಶಗಳ ಮೇಲೆ ಹೋಲಿಸಿ ತೋರಿಸಿದ ನಂತರ ಮಾರಾಟಗಾರರು ಬದಲಿ ಕಳುಹಿಸಿದರು. ಹಾಗೆಂದು ಡ್ರೈ ಐಸ್ ಕೇಳುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಪಿಇ ಸುಮಾರು 240 ಕಿಲೋಡಾಲ್ಟನ್ ತೂಕದ ಪ್ರೋಟೀನು, ಹೆಪ್ಪುಗಟ್ಟಿದರೆ ಕೆಡುತ್ತದೆ. ಇದೇ ಕಾರಣಕ್ಕೆ ಸೀಸೆಯನ್ನು ಫ್ರಿಜ್ಜಿನ ಹಿಂಗೋಡೆಗೆ ತಾಗಿಸದೆ, ಬೆಳಕು ಬೀಳದಂತೆ ಇಡಬೇಕು.

ಗುಲ್ಬರ್ಗ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶು ವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಸಂಶೋಧನಾ ವಿದ್ಯಾರ್ಥಿಗಳು ಮೊದಲು ಚಿಕ್ಕ ಪ್ಯಾಕನ್ನೇ ತರಿಸಿಕೊಳ್ಳಲಿ. ಆರ್ಡರನ್ನು ಸಾಧ್ಯವಾದರೆ ದೀಪಾವಳಿಯ ನಂತರದ ಚಳಿಯ ದಿನಗಳಿಗೆ ಇಟ್ಟುಕೊಂಡು, ಸೋಮವಾರವೇ ರವಾನಿಸಬೇಕೆಂಬ ಷರತ್ತನ್ನು ಖರೀದಿ ಆದೇಶದಲ್ಲೇ ಬರೆಸಬೇಕು.