315, 275, 6.5: ಮೂರು ಹಳೇ ಕಾಡತೂಸು, ಒಂದೇ ಹೆಗಲು

ಖಂಡೇನವಮಿ ದಿನ ನಮ್ಮ ಮನೆಯಲ್ಲಿ ಕುಡುಗೋಲು, ಕುರ್ಪಿ, ಟ್ರ್ಯಾಕ್ಟರಿನ ಪಾನಾಗಳ ಜೊತೆಗೆ ಅಜ್ಜನ ರೈಫಲ್ಲೂ ಪೂಜೆಗೆ ಕೂಡುತ್ತದೆ. .275 ಬೋರು, ಅಂದರೆ ನಳಿಗೆಯ ಒಳಗಿನ ಅಗಲ, ಇಂಚಿನ ಲೆಕ್ಕದಲ್ಲಿ. ಖಾನಾಪುರದ ಕಡೆ ನಮ್ಮದು ಕಬ್ಬಿನ ಹೊಲ. ಅಜ್ಜನ ಕಾಲದಲ್ಲಿ ಹಂದಿ ಕಾಯಲು ಅದನ್ನು ಹಿಡಿದು ಮಂಚಿಕೆ ಮೇಲೆ ಕೂಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು. ಮುಗಿದದ್ದು ಒಳ್ಳೆಯದೇ. ನಾನು ಹೊಡೆಯುವುದು ರೇಂಜಿನಲ್ಲಿ, ಕಾಗದದ ಗುರಿಗೆ.

ಈ ಜನವರಿಯಲ್ಲಿ ಮೂರು ಬೋರಿನ ರೈಫಲ್‌ಗಳು ಒಂದೇ ಬೆಳಗ್ಗೆ ಒಂದೇ ಕಡೆ ಸೇರಿದವು. ನನ್ನ .275, ಗೆಳೆಯನ .315, ಮತ್ತು ಗೆಳೆಯನ ಕಾಕಾ ತಂದ 6.5×54 (ಮಿಲಿಮೀಟರಿನಲ್ಲಿ ಬೋರು ಮತ್ತು ಕಾಡತೂಸಿನ ಕೋಶದ ಉದ್ದ) ಮ್ಯಾನ್‌ಲಿಷರ್. ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ದುರ್ಬೀನು ಇಲ್ಲದೆ, ಒಂದೊಂದರಲ್ಲಿ ಹತ್ತು ಹತ್ತು ಗುಂಡು. ಐದು 100 ಮೀಟರಿಗೆ, ಐದು 200 ಮೀಟರಿಗೆ. ರೈಫಲ್ ಯಾರದೋ ಅವರು ಪಕ್ಕದಲ್ಲೇ ಇದ್ದರು.

ಮೊದಲು .315. ನಮ್ಮಲ್ಲಿ ಇದು ಅಪರೂಪದ್ದಲ್ಲ. ರೈಫಲ್ ಲೈಸೆನ್ಸ್ ಇರುವವರಲ್ಲಿ ಬಹಳ ಜನರ ಹತ್ತಿರ ಇದೇ ಇರುತ್ತದೆ. ಆದರೆ ಭಾರತ ಬಿಟ್ಟು ಹೊರಗೆ ಕೇಳಿದರೆ ಬಹುತೇಕರಿಗೆ ಗೊತ್ತೇ ಇಲ್ಲ. ಕಾರಣ ಸರಳ. .303 ಸೈನ್ಯದ ಬೋರು, ಅದನ್ನು ಸಾಮಾನ್ಯ ಜನ ಇಟ್ಟುಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ಸೈನ್ಯದ ರೈಫಲ್ಲಿನದೇ ವಿನ್ಯಾಸವಾದ ಲೀ ಮಾದರಿಯ ರೈಫಲ್ಲಿಗೆ ಆಸ್ಟ್ರಿಯಾ-ಹಂಗೇರಿ ಸೈನ್ಯದ ಹಳೆಯ 8×50 ಕಾಡತೂಸನ್ನು ಹೊಂದಿಸಿ ಭಾರತಕ್ಕೆ ಮಾರಿದರು. ಆಮೇಲೆ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆ ಅದನ್ನು ಮುಂದುವರಿಸಿತು. ಅಲ್ಲಿ ಸತ್ತುಹೋದ ಬೋರು ಇಲ್ಲಿ ಇನ್ನೂ ಬದುಕಿದೆ.

ಗುಂಡಿನ ತೂಕ 244 ಗ್ರೇನ್, ಅಂದರೆ ಸುಮಾರು 16 ಗ್ರಾಂ. ವೇಗ ಕಡಿಮೆ. ಬಟ್ಟಿನ, ಅಂದರೆ ಹೆಗಲಿಗೆ ಒತ್ತುವ ಕಟ್ಟಿಗೆಯ, ಹಿಂದೆ ಉಕ್ಕಿನ ಪಟ್ಟಿ ಇದೆ, ಹೋರಿ ಗುದ್ದಿದ ಹಾಗೆ ಹೆಗಲಿಗೆ ಬರುತ್ತದೆ. 100 ಮೀಟರಿಗೆ ಐದೂ ಗುಂಡು ಅಂಗೈ ಅಗಲದಲ್ಲಿ ಬಿದ್ದವು, ಸಾಕು. 200ಕ್ಕೆ ಒಂದು ಗೇಣಿಗಿಂತ ಜಾಸ್ತಿ ಕೆಳಗೆ ಇಳಿದವು. ಆರನೇ ಗುಂಡಿಗೆ, ಕಾಡತೂಸನ್ನು ನಳಿಗೆಗೆ ತಳ್ಳುವ ಬೋಲ್ಟ್ ಸಿಕ್ಕಿಕೊಂಡಿತು. ತಪ್ಪು ನನ್ನದೇ. ಈ ಕಾಡತೂಸಿನ ಬುಡದಲ್ಲಿ ಹೊರಗೆ ಚಾಚಿದ ಅಂಚು ಇರುತ್ತದೆ. ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂಡಬೇಕು. ನಾನು ಅವಸರದಲ್ಲಿ ಹಿಂದೆ ಕೂಡಿಸಿದ್ದೆ. ಗೆಳೆಯ ಮ್ಯಾಗಜಿನ್ ತೆಗೆದು ಐದನ್ನೂ ಮತ್ತೆ ಜೋಡಿಸಿಕೊಟ್ಟ.

6.5×54ರ ಬಗ್ಗೆ ಹೇಳಬೇಕೆಂದರೆ, ಅಷ್ಟು ಚೆಂದದ ರೈಫಲ್ ನಾನು ಕೈಯಲ್ಲಿ ಹಿಡಿದಿಲ್ಲ. 1903ರ ಮಾದರಿ. ಕಟ್ಟಿಗೆ ನಳಿಗೆಯ ತುದಿಯವರೆಗೂ ಬಂದಿದೆ. ಬೋಲ್ಟಿನ ಹಿಡಿ ಬೆಣ್ಣೆ ಚಾಕುವಿನ ಹಾಗೆ ಚಪ್ಪಟೆ. ಒಳಗೆ ಷೋನಾವರ್ ಎಂಬಾತ ಮಾಡಿದ ತಿರುಗುವ ಮ್ಯಾಗಜಿನ್. ಒಂದು ಕಾಡತೂಸು ಒತ್ತಿದರೆ ರಾಟೆ ಹಾಗೆ ಸುತ್ತಿ ಮುಂದಿನದಕ್ಕೆ ಜಾಗ ಕೊಡುತ್ತದೆ. ಒಂದು ಚಿಕ್ಕ ಗುಂಡಿ ಒತ್ತಿದರೆ ಐದೂ ಒಟ್ಟಿಗೆ ಅಂಗೈಗೆ ಬೀಳುತ್ತವೆ. ಗುಂಡು 160 ಗ್ರೇನ್, ತೆಳ್ಳಗೆ, ಉದ್ದ, ಮೂತಿ ದುಂಡಗೆ. ಹೆಗಲಿಗೆ ಒದೆತ ಇಲ್ಲವೇ ಇಲ್ಲ ಅನ್ನಬಹುದು. 100 ಮೀಟರಿಗೆ ಮೂರು ಇಂಚಿನೊಳಗೆ ಕೂಡಿತು. ಕಷ್ಟ ಇರುವುದು ಒಂದೇ ಕಡೆ. ಕಾಕಾ ಆ ಒಂದು ಡಬ್ಬಿಗಾಗಿ ಎರಡು ವರ್ಷ ಕಾದಿದ್ದರು. ಅದರಲ್ಲಿ ಹತ್ತು ನಮಗಾಗಿ ಖರ್ಚು ಮಾಡಿದರು. ಅವರ ಋಣ ನನ್ನ ಮೇಲಿದೆ.

ಈಗ ನನ್ನ .275. ಇದಕ್ಕೆ ಎರಡು ಹೆಸರು. ಪೌಲ್ ಮೌಸರ್ 1892ರಲ್ಲಿ ಮಾಡಿದಾಗ ಇದು 7×57. ಲಂಡನ್ನಿನ ರಿಗ್ಬಿ ಕಂಪನಿ ಅದನ್ನೇ ಇಂಚಿನ ಲೆಕ್ಕಕ್ಕೆ ತಿರುಗಿಸಿ .275 ಅಂತ ಕರೆಯಿತು. ಬೋಯರ್ ಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ರೈತರು ಇದೇ ಕಾಡತೂಸಿನಿಂದ ಬ್ರಿಟಿಷರಿಗೆ ನೀರಿಳಿಸಿದ್ದರು. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ 1907ರಲ್ಲಿ ಜಿಮ್ ಕಾರ್ಬೆಟ್ ಅವರಿಗೆ ಸರ್ಕಾರದ ಕಡೆಯಿಂದ ಬಹುಮಾನವಾಗಿ ಸಿಕ್ಕ ರೈಫಲ್ ಕೂಡ .275 ರಿಗ್ಬಿ.

ಎರಡು ಹೆಸರು ಇರುವುದರಿಂದ ನಾನು ಪಟ್ಟ ಪಾಡು ಸಣ್ಣದಲ್ಲ. ಲೈಸೆನ್ಸ್ ಪುಸ್ತಕದಲ್ಲಿ .275 ಅಂತ ಇದೆ. ಅಂಗಡಿಯಲ್ಲಿದ್ದ ಡಬ್ಬಿಯ ಮೇಲೆ 7×57 ಅಂತ ಇತ್ತು. ಅಂಗಡಿಯವರು ಕೊಡಲಿಲ್ಲ. ಅವರದೇನೂ ತಪ್ಪಿಲ್ಲ, ಪುಸ್ತಕದಲ್ಲಿ ಇರುವುದನ್ನೇ ಅವರು ನೋಡಬೇಕು. ಎರಡೂ ಒಂದೇ ಎಂದು ಕಚೇರಿಯಲ್ಲಿ ಬರೆಸಿಕೊಳ್ಳಲು ಏಳು ತಿಂಗಳು ಓಡಾಡಿದೆ. ಇಂಥ ಹಳೇ ಬೋರು ಯಾರಿಗಾದರೂ ಮನೆಯಿಂದ ಬಂದಿದ್ದರೆ, ಹೆಸರು ವರ್ಗ ಮಾಡಿಸುವಾಗಲೇ ಎರಡೂ ಹೆಸರು ಬರೆಸಿಕೊಳ್ಳಿ.

ಅಜ್ಜನ ಟ್ರಂಕಿನಲ್ಲಿ ಹಳೇ ಕಾಡತೂಸುಗಳೂ ಇದ್ದವು, ಇಪ್ಪತ್ತರಷ್ಟು. ಅವನ್ನೇ ಹೊಡೆಯುವ ಆಸೆ ನನಗೆ. ಕಾಕಾ ಒಂದನ್ನು ಬಿಸಿಲಿಗೆ ಹಿಡಿದು, ಬೆರಳಲ್ಲಿ ನಿಧಾನ ತಿರುಗಿಸಿದರು. "ತಮ್ಮಾ, ಮೊದ್ಲ ಬಾಯಿ ನೋಡು, ಆಮ್ಯಾಲ ಬುಡ ನೋಡು" ಅಂದರು. ಬಾಯಿಯ ಹತ್ತಿರ, ಗುಂಡು ಕೂತಿರುವ ಕಡೆ, ಹಿತ್ತಾಳೆಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ. ಉಗುರು ಆಡಿಸಿದರೆ ತಾಕುತ್ತಿತ್ತು. ಒಂದೊಂದೇ ನೋಡುತ್ತಾ ಹೋದೆವು. ಹದಿಮೂರರಲ್ಲಿ ಬಿರುಕು.

ಆ ಟ್ರಂಕ್ ನಲವತ್ತು ವರ್ಷ ಇದ್ದದ್ದು ದನದ ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ. ಗಂಜಲದಿಂದ ಏಳುವ ಅಮೋನಿಯಾ, ಜೊತೆಗೆ ಖಾನಾಪುರದ ಮಳೆಗಾಲದ ತೇವ. ಎರಡೂ ಸೇರಿದರೆ, ಒಳಗೆ ಬಿಗಿತ ಉಳಿದಿರುವ ಹಿತ್ತಾಳೆ ತಾನಾಗಿಯೇ ಸೀಳುತ್ತದೆ. ಇದು ಬ್ರಿಟಿಷ್ ಸೈನ್ಯಕ್ಕೆ ತಲೆನೋವಾದದ್ದೂ ಭಾರತದಲ್ಲೇ. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಕಾಡತೂಸುಗಳು ಬಿರುಕು ಬಿಡುತ್ತಿದ್ದವು. ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರು. ಕಾರಣ ಅಮೋನಿಯಾ ಅಂತ ತಿಳಿದದ್ದು 1921ರಲ್ಲಿ. ನಮ್ಮ ಟ್ರಂಕಿನದ್ದು ಒಂದನ್ನೂ ನಾನು ಹೊಡೆಯಲಿಲ್ಲ. ಅಂಥದ್ದು ನಳಿಗೆಯ ಒಳಗೆ ಸೀಳಿದರೆ ಬಿಸಿ ಗಾಳಿ ಹಿಂದಕ್ಕೆ, ಮುಖದ ಕಡೆಗೆ ಬರಬಹುದು. ಕಾಡತೂಸನ್ನು ದನದ ಹತ್ತಿರ ಇಡಬೇಡಿ, ಕೋಳಿ ಗೂಡಿನ ಹತ್ತಿರವೂ ಇಡಬೇಡಿ.

ಇನ್ನೊಂದು ಮಾತು. ಅಜ್ಜ ಹೊಡೆದು ಬಂದ ರಾತ್ರಿ ಕೆಟಲಿನಲ್ಲಿ ನೀರು ಕುದಿಸಿ ನಳಿಗೆಗೆ ಹೊಯ್ಯುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ಅದು ನನಗೆ ಏನೋ ಶಾಸ್ತ್ರ ಅನಿಸುತ್ತಿತ್ತು. ಆಗಿನ ಪ್ರೈಮರಿನಲ್ಲಿ, ಅಂದರೆ ಕಾಡತೂಸಿನ ಬುಡದಲ್ಲಿ ಕಿಡಿ ಹೊತ್ತಿಸುವ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಪ್ಪಿನಂಥ ಪದಾರ್ಥ ಉಳಿಯುತ್ತದೆ, ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೇ ಕರಗಬೇಕು. ಇವತ್ತಿಗೂ ಆ ನಳಿಗೆಯ ಒಳಗೆ ನೋಡಿದರೆ ಕನ್ನಡಿ ಹಾಗಿದೆ.

ನಾನು ಹೊಡೆದದ್ದು ಹೊಸ ಡಬ್ಬಿಯದ್ದು, 139 ಗ್ರೇನ್, ಅಂದರೆ 9 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 800 ಮೀಟರ್. 100ಕ್ಕೆ ಐದು ಗುಂಡು ಎರಡೂವರೆ ಇಂಚಿನಲ್ಲಿ. 200ಕ್ಕೆ ನಾಲ್ಕೈದು ಇಂಚು ಮಾತ್ರ ಇಳಿಯಿತು. .315 ಇಳಿದದ್ದರ ಅರ್ಧವೂ ಇಲ್ಲ. ಒದೆತ 6.5ಕ್ಕಿಂತ ಸ್ವಲ್ಪ ಜಾಸ್ತಿ, .315ಕ್ಕಿಂತ ಬಹಳ ಕಡಿಮೆ. ಹತ್ತನೇ ಗುಂಡಿಗೂ ನಾನು ಕಣ್ಣು ಮುಚ್ಚಲಿಲ್ಲ. .315ರಲ್ಲಿ ನಾಲ್ಕನೆಯದಕ್ಕೇ ಮುಚ್ಚುತ್ತಿದ್ದೆ. ನನಗೆ ಇದೇ ಮುಖ್ಯ ಅನಿಸಿತು. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದರೆ ಕಾಡತೂಸು ಎಷ್ಟು ಗಟ್ಟಿ ಇದ್ದರೇನು, ಅಲ್ವಾ?

.30-06 ಯಾಕೆ ಇಲ್ಲ ಅಂತ ಕೆಲವರು ಕೇಳಬಹುದು. ಒಳ್ಳೆಯ ಬೋರು, ಮೂರಕ್ಕಿಂತ ಜೋರು, ಆದರೆ ಜಗತ್ತಿನಲ್ಲೆಲ್ಲ ಇದೆ. ಇಲ್ಲಿ ಅದರ ಮಾತು ಬೇಡ.

ಹೊಸದಾಗಿ ಕೊಳ್ಳುವವರಿಗೆ ನಾನು .315 ಅನ್ನುತ್ತೇನೆ. ಅದರ ಕಾಡತೂಸು ನಮ್ಮ ದೇಶದಲ್ಲೇ ಆಗುತ್ತದೆ, ತಿಂಗಳಿಗೊಮ್ಮೆ ರೇಂಜಿಗೆ ಹೋಗಬಹುದು. ಬಟ್ಟಿಗೆ ಒಂದು ರಬ್ಬರ್ ಪ್ಯಾಡ್ ಹಾಕಿಸಿಕೊಳ್ಳಿ. 6.5 ಕಾಕಾನ ಹತ್ತಿರವೇ ಇರಲಿ, ಅದಕ್ಕೆ ಅವರಂಥ ತಾಳ್ಮೆ ಬೇಕು. ಮನೆಯಲ್ಲಿ .275 ಇದ್ದವರು ಮಾತ್ರ ಮಾರಬೇಡಿ. ನನ್ನ ಡಬ್ಬಿಯಲ್ಲಿ ಈಗ ಹತ್ತು ಉಳಿದಿವೆ. ಅಟ್ಟದಲ್ಲಿ ಇಡದೆ, ದೇವರ ಮನೆಯ ಗೋಡೆಯ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅಲ್ಲಿ ಮಳೆಗಾಲದಲ್ಲೂ ಬೆಚ್ಚಗಿರುತ್ತದೆ.